ಹಲ್ಲು ನನ್ನದು, ಮಾತು ಯಾರ ಹತ್ತಿರ?

ಬಾಯಿ ತೆರೆದು ಮಲಗಿದ ಹೆಂಗಸಿನ ಜೊತೆ ಯಾರೂ ಮಾತಾಡುವುದಿಲ್ಲ. ಮಾತಾಡಿದರೂ ಉತ್ತರ ಬರುವಂತಿಲ್ಲವಲ್ಲ ಎಂಬುದು ಅವರ ಸಮಜಾಯಿಷಿ ಇರಬಹುದು. ಹೋದ ವರ್ಷ ಆಷಾಢದಲ್ಲಿ ನಮ್ಮ ಯಲಹಂಕದ ಒಂದು ಹಲ್ಲಿನ ಕ್ಲಿನಿಕ್ಕಿನಲ್ಲಿ ನಾನು ಹಾಗೆ ಮಲಗಿದ್ದೆ. ಕಣ್ಣಿಗೆ ಚುಚ್ಚುವ ದೀಪ, ಕೆನ್ನೆಯೊಳಗೆ ಹತ್ತಿಯುಂಡೆ, ನಾಲಿಗೆಯ ಪಕ್ಕದಲ್ಲಿ ಎಂಜಲು ಹೀರುವ ಕೊಳವೆಯ ಗೊರಗೊರ. ಡಾಕ್ಟರು ಕೆಳಗಿನ ಬಲದವಡೆಯ ಹಲ್ಲನ್ನು ಎರಡು ಸಲ ತಟ್ಟಿ ನೋಡಿದರು. ನಾನು ಕುರ್ಚಿಯ ಕೈ ಹಿಡಿದು ನೆಗೆದದ್ದೇ ಅವರಿಗೆ ಉತ್ತರ. ಎಕ್ಸ್-ರೇ ತೆಗೆದದ್ದಾಯಿತು. ಆಮೇಲೆ ನನ್ನ ತಲೆಯ ಮೇಲಿಂದ, ಬಾಗಿಲ ಬಳಿ ಪೇಪರು ಹಿಡಿದು ಕೂತಿದ್ದ ನಮ್ಮವರ ಕಡೆ ತಿರುಗಿದರು.

"ಸಾರ್, ರೂಟ್ ಕೆನಾಲ್ ಮಾಡಬೇಕಾಗುತ್ತೆ. ಮೇಲೆ ಕ್ಯಾಪ್ ಬೇರೆ. ಇಲ್ಲಾಂದ್ರೆ ತೆಗೆದುಬಿಡೋಣ. ಏನ್ ಮಾಡ್ಲಿ ಹೇಳಿ?"

ನಮ್ಮವರು ಕೆಟ್ಟವರಲ್ಲ. ನಲವತ್ತು ವರ್ಷ ನನ್ನ ಜೊತೆ ಬಾಳಿದವರನ್ನು ಕೆಟ್ಟವರು ಅಂದರೆ ನನಗೇ ಅವಮಾನ. ಪೇಪರು ಮಡಿಸಿ, ಒಂದು ಕ್ಷಣ ಯೋಚಿಸಿ, "ಇನ್ನು ಈ ವಯಸ್ಸಿಗೆ ಅದೆಲ್ಲ ಯಾಕೆ ಡಾಕ್ಟ್ರೇ, ತೆಗೆದುಬಿಡಿ. ನೋವಾದ್ರೂ ನಿಲ್ಲುತ್ತೆ" ಎಂದರು. ತರಕಾರಿಯವನು ಬದನೆಕಾಯಿ ಎಷ್ಟು ತೂಗಲಿ ಅಂದಾಗ ಹೇಳುತ್ತಾರಲ್ಲ, ಅಷ್ಟೇ ಸಲೀಸಾಗಿ.

ನಾನು ಹತ್ತಿಯನ್ನು ಉಗುಳಿ ಎದ್ದು ಕೂತೆ. "ಹಲ್ಲು ನನ್ನದು, ನನ್ನನ್ನ ಕೇಳಿ" ಅಂದೆ. ಅರ್ಧ ಮರಗಟ್ಟಿದ ಬಾಯಲ್ಲಿ ಅದು ಹೇಗೆ ಕೇಳಿಸಿತೋ ದೇವರಿಗೇ ಗೊತ್ತು. ಡಾಕ್ಟರು ನಕ್ಕು, "ನಿಮಗೆ ಅದೆಲ್ಲ ಅರ್ಥ ಆಗಲ್ಲ ಬಿಡಿ ಅಮ್ಮ, ಗಾಬರಿ ಮಾಡ್ಕೋಬೇಡಿ" ಎಂದರು. ಮೂವತ್ತು ವರ್ಷ ಮಕ್ಕಳಿಗೆ ಭಿನ್ನರಾಶಿ ಅರ್ಥಮಾಡಿಸಿದವಳು ನಾನು. ನನ್ನ ಬಾಯೊಳಗಿನ ಹಲ್ಲೊಂದು ನನಗೆ ಅರ್ಥವಾಗುವುದಿಲ್ಲವಂತೆ.

ಆ ದಿನ ಹಲ್ಲು ಕೀಳಿಸದೆ ಮನೆಗೆ ಬಂದೆ. ದಾರಿಯುದ್ದಕ್ಕೂ ನಮ್ಮವರು ಮಾತಾಡಲಿಲ್ಲ. ನನಗೆ ಸಿಟ್ಟು ಬಂದದ್ದು ಅವರ ಮೇಲೂ ಅಲ್ಲ, ಡಾಕ್ಟರ ಮೇಲೂ ಅಷ್ಟಾಗಿ ಅಲ್ಲ. 1994ರಲ್ಲಿ ಇದೇ ಯಲಹಂಕದಲ್ಲಿ, ಇದೇ ಪ್ರಶ್ನೆಗೆ ತಲೆಯಾಡಿಸಿ ಹಲ್ಲು ಕಳಕೊಂಡ ನನ್ನ ಮೇಲೆ.

ಆಗ ಉಪನಗರದಲ್ಲಿ ಈಗಿನ ಹಾಗೆ ಬೀದಿಗೆರಡು ಹಲ್ಲಿನ ಬೋರ್ಡುಗಳಿರಲಿಲ್ಲ. ಎಡದವಡೆಯ ಹಲ್ಲು ತಣ್ಣೀರು ಕುಡಿದರೆ ಜುಮ್ ಅನ್ನಲು ಶುರುವಾಗಿ ವರ್ಷವಾಗಿತ್ತು. ಮಗಳ ಶಾಲೆ, ಅತ್ತೆಯ ಕಣ್ಣಿನ ಆಪರೇಷನ್ನು, ಮನೆಯ ಸಾಲದ ಕಂತು, ಇವುಗಳ ನಡುವೆ ಹಲ್ಲು ಯಾವ ಲೆಕ್ಕ? ಲವಂಗ ಅಗಿದೆ. ಉಪ್ಪುನೀರು ಮುಕ್ಕಳಿಸಿದೆ. ರಾತ್ರಿ ಮಲಗಿದರೆ ಹಲ್ಲಿನಲ್ಲಿ ಯಾರೋ ತಮಟೆ ಬಡಿದಂತಾಗುತ್ತಿತ್ತು. ಎದ್ದು ಕೂತರೆ ಸ್ವಲ್ಪ ಕಡಿಮೆ. ವರಮಹಾಲಕ್ಷ್ಮಿ ಹಬ್ಬದ ಹಿಂದಿನ ದಿನ ಕಡುಬಿನ ಹೂರಣ ತಿರುವುತ್ತ ನಿಂತಿದ್ದಾಗ ನೋವು ಇದ್ದಕ್ಕಿದ್ದಂತೆ ನಿಂತುಹೋಯಿತು. ತಾಯಿ ಕಣ್ಣುಬಿಟ್ಟಳು ಅಂದುಕೊಂಡು ಇನ್ನೊಂದು ತುಪ್ಪದ ದೀಪ ಹಚ್ಚಿಟ್ಟೆ.

ನೋವು ನಿಂತದ್ದು ಹಲ್ಲು ವಾಸಿಯಾಗಿ ಅಲ್ಲ, ಹಲ್ಲು ಸತ್ತುಹೋಗಿ. ಇದನ್ನು ನನಗೆ ಯಾರಾದರೂ ಆಗ ಹೇಳಿದ್ದರೆ! ಮೂರು ತಿಂಗಳಿಗೆ ದವಡೆ ಊದಿಕೊಂಡು, ಒಸಡಿನಲ್ಲಿ ಕೀವಿನ ಗುಳ್ಳೆ ಎದ್ದು, ಡಾಕ್ಟರ ಬಳಿ ಹೋದಾಗ ಅವರು ನಮ್ಮವರನ್ನು ಕೇಳಿದರು, ನಮ್ಮವರು ನನ್ನನ್ನು ನೋಡಿದರು, ನಾನು ತಲೆಯಾಡಿಸಿದೆ. ಇಕ್ಕಳ ಹಾಕಿ ಎಳೆದದ್ದು ಹತ್ತು ನಿಮಿಷದ ಕೆಲಸ. ಅದರ ಫಲ ಮೂವತ್ತು ವರ್ಷದಿಂದ ಉಣ್ಣುತ್ತಿದ್ದೇನೆ. ಖಾಲಿಯಾದ ಜಾಗಕ್ಕೆ ಹಿಂದಿನ ಹಲ್ಲು ವಾಲಿಕೊಂಡಿತು. ಮೇಲಿನ ಹಲ್ಲು ಎದುರಾಳಿ ಇಲ್ಲದೆ ಕೆಳಗಿಳಿಯಿತು. ಸಂದಿಗಳಲ್ಲಿ ಅನ್ನದಗುಳು ಸಿಕ್ಕಿ ಪಕ್ಕದ ಹಲ್ಲೂ ಹುಳುಕಾಯಿತು. ಎಡಗಡೆ ಅಗಿಯುವುದನ್ನೇ ಮರೆತು ಎಲ್ಲ ಭಾರವನ್ನೂ ಬಲಗಡೆಗೆ ಹಾಕಿದೆ. ಹೋದ ವರ್ಷ ನೋಯುತ್ತಿದ್ದದ್ದು ಆ ಬಲಗಡೆಯ ಹಲ್ಲೇ.

ಮನೆಗೆ ಬಂದವಳು ಹಠಕ್ಕೆ ಬಿದ್ದೆ. ಹಲ್ಲಿನ ಡಾಕ್ಟರಾಗಿರುವ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳನ್ನು ಹಿಡಿದು ಕೂರಿಸಿಕೊಂಡು ಮೊದಲಿನಿಂದ ಪಾಠ ಹೇಳಿಸಿಕೊಂಡೆ. ಅವಳು ಹೇಳಿದ್ದು ಹತ್ತನೇ ಕ್ಲಾಸು ಓದಿದ ಯಾರಿಗಾದರೂ ಅರ್ಥವಾಗುವಂಥದು. ಅರ್ಥ ಆಗುವುದಿಲ್ಲ ಅನ್ನುವ ಮಾತು ಎಂಥ ಸುಳ್ಳು ಎಂದು ತೋರಿಸಲಿಕ್ಕಾದರೂ ಇಲ್ಲಿ ಬರೆಯುತ್ತೇನೆ.

ಹಲ್ಲು ಅಂದರೆ ಕಲ್ಲಿನ ಚೂರು ಅಂದುಕೊಂಡಿದ್ದೇವೆ. ಹೊರಗೆ ಕಲ್ಲೇ, ನಿಜ. ಒಳಗೆ ಜೀವವಿದೆ. ಮಧ್ಯದ ಸಣ್ಣ ಗೂಡಿನಲ್ಲಿ ರಕ್ತನಾಳ, ನರ, ಮೃದುವಾದ ತಿರುಳು ಇರುತ್ತವೆ. ಆ ತಿರುಳು ಬೇರಿನೊಳಗಿನ ಸಪೂರ ಕಾಲುವೆಗಳಲ್ಲಿ ಇಳಿದು ತುದಿಯ ಸಣ್ಣ ರಂಧ್ರದ ಮೂಲಕ ದವಡೆಯ ಮೂಳೆಗೆ ಕೂಡಿಕೊಳ್ಳುತ್ತದೆ. ಹುಳುಕು ಮೇಲಿನ ಗಟ್ಟಿ ಪದರವನ್ನು ತಿಂದು ಒಳಗೆ ಇಳಿಯುತ್ತ ಹೋದಾಗ ಈ ತಿರುಳು ಕೆರಳಿ ಊದುತ್ತದೆ. ಬೇರೆ ಅಂಗವಾದರೆ ಊದಲು ಜಾಗವಿದೆ. ಕಲ್ಲಿನ ಗೋಡೆಯೊಳಗೆ ಎಲ್ಲಿ ಊದಬೇಕು? ಅದಕ್ಕೇ ಹಲ್ಲುನೋವು ಅಷ್ಟು ಕ್ರೂರ. ಕೊನೆಗೆ ತಿರುಳು ಸಾಯುತ್ತದೆ, ನೋವು ನಿಲ್ಲುತ್ತದೆ, ನಾವು ದೀಪ ಹಚ್ಚುತ್ತೇವೆ. ಆದರೆ ಸತ್ತ ತಿರುಳಿನಲ್ಲಿ ಬೆಳೆದ ರೋಗಾಣುಗಳು ಬೇರಿನ ತುದಿಯಿಂದ ಮೂಳೆಗೆ ಇಳಿದು, ಅಲ್ಲಿ ಸದ್ದಿಲ್ಲದೆ ಕೀವು ಕಟ್ಟಿಸುತ್ತವೆ.

ಅಂಗಡಿಯಿಂದ ಆಂಟಿಬಯಾಟಿಕ್ ತಂದು ನುಂಗಿದರೆ ಏನಾಗುತ್ತದೆ ಎಂದು ಕೇಳಿದೆ, ಏಕೆಂದರೆ ನಾನೂ ನುಂಗಿದವಳೇ. ಸತ್ತ ತಿರುಳಿಗೆ ರಕ್ತ ಹರಿಯುವುದಿಲ್ಲ. ರಕ್ತವಿಲ್ಲದ ಕಡೆಗೆ ಮಾತ್ರೆ ಹೋಗುವ ದಾರಿಯೂ ಇಲ್ಲ. ಮುಖ ಊದಿ ಜ್ವರ ಬಂದಾಗ ಅದಕ್ಕೊಂದು ಕೆಲಸವುಂಟು. ಬರೀ ಹಲ್ಲುನೋವಿಗೆ ಅದನ್ನು ನುಂಗುವುದು ಬಚ್ಚಲು ಕಟ್ಟಿಕೊಂಡರೆ ಅಂಗಳಕ್ಕೆ ನೀರು ಹಾಕಿದ ಹಾಗೆ.

ರೂಟ್ ಕೆನಾಲ್ ಅಂದರೆ ಆ ಬಚ್ಚಲ ಕೆಲಸವೇ. ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು, ಹಲ್ಲಿನ ನೆತ್ತಿಯಲ್ಲಿ ಒಂದು ಕಿಂಡಿ ಕೊರೆದು, ಕೂದಲೆಳೆಯಂಥ ಅರಗಳನ್ನು ಕಾಲುವೆಗಳಿಗೆ ಇಳಿಸಿ ಕೆಟ್ಟ ತಿರುಳನ್ನು ಕೆರೆದು ತೆಗೆಯುತ್ತಾರೆ. 15 ನಂಬರಿನ ಅರದ ತುದಿ 0.15 ಮಿಲಿಮೀಟರ್ ದಪ್ಪ ಅಂದರೆ ನೀವೇ ಊಹಿಸಿ. ಕೆಳಗಿನ ದೊಡ್ಡ ದವಡೆ ಹಲ್ಲಿಗೆ ಸಾಮಾನ್ಯವಾಗಿ ಎರಡು ಬೇರು, ಮೂರು ಕಾಲುವೆ. ಮೇಲಿನದಕ್ಕೆ ಮೂರು ಬೇರು, ಬಹಳ ಸಲ ನಾಲ್ಕು ಕಾಲುವೆ. ಆ ನಾಲ್ಕನೆಯದು ಕಳ್ಳಕಾಲುವೆ. ಕಾಣದೆ ಬಿಟ್ಟುಹೋದರೆ ಮಾಡಿದ್ದೆಲ್ಲ ವ್ಯರ್ಥ. ಕೆರೆದಾದ ಮೇಲೆ, ನಾವು ಬಿಳಿ ಬಟ್ಟೆಗೆ ಹಾಕುವ ಬ್ಲೀಚಿನ ಜಾತಿಯದೇ ಒಂದು ದ್ರಾವಣದಿಂದ ತೊಳೆದು, ಒಣಗಿಸಿ, ಗಟ್ಟಾ ಪರ್ಚಾ ಎಂಬ ರಬ್ಬರಿನಂಥ ವಸ್ತು ತುಂಬಿ ಬಿಗಿಯುತ್ತಾರೆ. ಅದು ಮಲಯ ಸೀಮೆಯ ಮರದ ಹಾಲು. ಆ ಮರ ನಮ್ಮ ಸಪೋಟ, ಹಿಪ್ಪೆ, ರಂಜದ ಮರಗಳ ಬಳಗದ್ದೇ. 1851ರಲ್ಲಿ ಇಂಗ್ಲೆಂಡಿಗೂ ಫ್ರಾನ್ಸಿಗೂ ನಡುವೆ ಸಮುದ್ರದೊಳಗೆ ತಂತಿ ಎಳೆದಾಗ ನೀರು ತಾಕದಂತೆ ಸುತ್ತಿದ್ದು ಇದನ್ನೇ. ಇಂಗ್ಲಿಷ್ ಕಡಲನ್ನು ತಡೆದದ್ದು ನನ್ನ ಎಂಜಲನ್ನು ತಡೆಯದೇ?

ಇಷ್ಟೆ. ಇದರಲ್ಲಿ ಅರ್ಥವಾಗದ್ದು ಏನಿದೆ, ಹೇಳಿ.

ಡಾಕ್ಟರುಗಳ ಪರವಾಗಿಯೂ ನಾನು ಮಾತಾಡಬೇಕು. ಎಲ್ಲ ಹಲ್ಲನ್ನೂ ಉಳಿಸಲಾಗುವುದಿಲ್ಲ. ಬೇರು ಉದ್ದಕ್ಕೆ ಸೀಳಿದ್ದರೆ, ಒಸಡಿನ ಮೇಲೆ ಹಲ್ಲೇ ಉಳಿದಿರದಿದ್ದರೆ, ಹಿಡಿದಿರುವ ಮೂಳೆ ಕರಗಿ ಹಲ್ಲು ಅಲ್ಲಾಡುತ್ತಿದ್ದರೆ ಕೀಳುವುದೇ ಸರಿ. ಚೆನ್ನಾಗಿ ಮಾಡಿದ ರೂಟ್ ಕೆನಾಲೂ ಕೆಲವೊಮ್ಮೆ ಸೋಲುತ್ತದೆ. ಅರ ಒಳಗೆ ಮುರಿದುಕೊಳ್ಳುವುದೂ ಉಂಟು. ಮುರಿದದ್ದು ಯಾವಾಗಲೂ ತಪ್ಪಲ್ಲ, ಮುರಿದದ್ದನ್ನು ಹೇಳದೆ ಮುಚ್ಚಿ ಕಳಿಸಿದರೆ ತಪ್ಪು. ಇನ್ನೊಂದು ತುದಿಯ ಮೋಸವೂ ಇದೆ. ಬರೀ ಸಿಮೆಂಟು ತುಂಬಿದರೆ ಸಾಕಾಗುವ ಹಲ್ಲಿಗೂ ರೂಟ್ ಕೆನಾಲ್ ಮಾಡಿ ಕ್ಯಾಪ್ ಕೂರಿಸುವವರಿದ್ದಾರೆ. ತಣ್ಣೀರಿಗೆ ಜುಮ್ ಎಂದು ಎರಡು ಕ್ಷಣಕ್ಕೆ ಹೋಗಿಬಿಡುವ ನೋವು ಬೇರೆ. ಬಿಸಿ ಕಾಫಿಗೆ ಹಿಡಿದುಕೊಂಡು ಬಿಡದೆ ಕಾಡುವ, ನಡುರಾತ್ರಿ ತಾನಾಗಿ ಎಬ್ಬಿಸುವ ನೋವು ಬೇರೆ. ಮೊದಲನೆಯದರಲ್ಲಿ ತಿರುಳು ಇನ್ನೂ ಉಳಿಯುವ ಸಂಭವವಿದೆ. ಎರಡನೆಯದರಲ್ಲಿ ಅದು ಬಹುತೇಕ ಮುಗಿದ ಕಥೆ. ಹೋದೊಡನೆ ನಿಮಗೆ ಯಾವ ನೋವು ಎಂದು ಬಾಯಿಬಿಟ್ಟು ಹೇಳಿದರೆ ಡಾಕ್ಟರಿಗೂ ಅರ್ಧ ಕೆಲಸವಾದಂತೆ. ಎಕ್ಸ್-ರೇ ತೋರಿಸಿ, ಹುಳುಕು ಎಲ್ಲಿಯತನಕ ಇಳಿದಿದೆ ಎಂದು ಬೆರಳಿಟ್ಟು ತೋರಿಸಿ ಎಂದು ಕೇಳಿ. ತೋರಿಸಲು ಅರ್ಧ ನಿಮಿಷ ಬೇಕು. ಆ ಅರ್ಧ ನಿಮಿಷ ಇಲ್ಲದವರ ಹತ್ತಿರ ಅರ್ಧ ಗಂಟೆ ಬಾಯಿ ತೆರೆದು ಮಲಗುವುದು ಹೇಗೆ?

ಕೇಳುವುದು ಅಧಿಕಪ್ರಸಂಗ ಎಂದು ನಮಗೆ ಹೇಳಿಕೊಟ್ಟಿದ್ದಾರೆ. ಸುಪ್ರೀಂ ಕೋರ್ಟು ಹಾಗೆ ಹೇಳಿಲ್ಲ. 1995ರಲ್ಲಿ ದೆಹಲಿಯಲ್ಲಿ ನಡೆದ ಒಂದು ಸಂಗತಿ ಕೇಳಿ. ನಲವತ್ತನಾಲ್ಕು ವರ್ಷದ ಹೆಂಗಸು ತಪಾಸಣೆಗೆಂದು ಅರಿವಳಿಕೆ ತೆಗೆದುಕೊಂಡು ಮಲಗಿದ್ದಾರೆ. ಹೊರಗೆ ಕಾಯುತ್ತಿದ್ದ ತಾಯಿಯ ಒಪ್ಪಿಗೆ ಕೇಳಿ ಆಕೆಯ ಗರ್ಭಕೋಶವನ್ನೂ ಅಂಡಾಶಯಗಳನ್ನೂ ತೆಗೆದುಬಿಟ್ಟರು. ಎಚ್ಚರವಾದಾಗ ಎಲ್ಲ ಮುಗಿದಿತ್ತು. ಸಮೀರಾ ಕೊಹ್ಲಿ ಪ್ರಕರಣ ಎಂದು ಹೆಸರಾದ ಅದರ ತೀರ್ಪು ಬಂದದ್ದು 2008ರ ಜನವರಿಯಲ್ಲಿ. ಬರೆದವರು ಹಿಂದೆ ನಮ್ಮ ಕರ್ನಾಟಕ ಹೈಕೋರ್ಟಿನಲ್ಲಿದ್ದ ನ್ಯಾಯಮೂರ್ತಿ ಆರ್.ವಿ. ರವೀಂದ್ರನ್. ಪ್ರಾಣಾಪಾಯದ ತುರ್ತು ಇಲ್ಲದಿರುವಾಗ, ಬುದ್ಧಿ ಸ್ವಾಧೀನದಲ್ಲಿರುವ ವಯಸ್ಕ ರೋಗಿಯ ಒಪ್ಪಿಗೆಯನ್ನು ಆಕೆಯಿಂದಲೇ ಪಡೆಯಬೇಕು, ತಾಯಿಯ ಒಪ್ಪಿಗೆ ಒಪ್ಪಿಗೆಯಲ್ಲ. ಚಿಕಿತ್ಸೆ ಏನು, ಬೇರೆ ದಾರಿ ಏನಿದೆ, ಅಪಾಯವೇನು, ಮಾಡಿಸದಿದ್ದರೆ ಏನಾದೀತು, ಇಷ್ಟನ್ನು ಮೊದಲೇ ತಿಳಿಸಬೇಕು ಎಂದು ಅದರಲ್ಲಿ ಹೇಳಿದೆ. ಗರ್ಭಕೋಶಕ್ಕೂ ದವಡೆ ಹಲ್ಲಿಗೂ ಎಲ್ಲಿಯ ಹೋಲಿಕೆ ಎನ್ನಬೇಡಿ. ಹೆತ್ತ ತಾಯಿಯ ಮಾತೇ ನಡೆಯದ ಕಡೆ, ಬಾಗಿಲ ಬಳಿ ಪೇಪರು ಓದುತ್ತ ಕೂತ ಗಂಡನ ಮಾತು ಹೇಗೆ ನಡೆದೀತು? ದುಡ್ಡು ಕೊಟ್ಟು ಪಡೆಯುವ ವೈದ್ಯಸೇವೆ ಗ್ರಾಹಕರ ಕಾನೂನಿನ ಕೆಳಗೆ ಬರುತ್ತದೆ ಎಂದು ಅದೇ ಕೋರ್ಟು 1995ರಲ್ಲೇ ಹೇಳಿಯಾಗಿದೆ.

ಈಗ ದುಡ್ಡಿನ ಮಾತು. ಇದನ್ನು ಆಡದೆ ಹಲ್ಲಿನ ಮಾತು ಪೂರ್ತಿಯಾಗುವುದಿಲ್ಲ, ಏಕೆಂದರೆ ನಮ್ಮ ಹಲ್ಲುಗಳು ಉದುರುವುದು ಹುಳುಕಿನಿಂದ ಅರ್ಧ, ಮನೆಯ ಲೆಕ್ಕದ ಪುಸ್ತಕದಿಂದ ಅರ್ಧ. ಕೀಳುವುದು ಅಗ್ಗ, ಉಳಿಸುವುದು ದುಬಾರಿ, ಅಂದಮೇಲೆ ಕೀಳಿಸು. ಮಗನ ಹಲ್ಲಾದರೆ ಈ ಲೆಕ್ಕ ಹಾಕುವುದಿಲ್ಲ, ಗಮನಿಸಿದ್ದೀರಾ? ಅಪ್ಪನ ಹಲ್ಲಿಗೂ ಹಾಕುವುದಿಲ್ಲ, "ಅವರು ಹೊರಗೆ ನಾಲ್ಕು ಜನರ ಎದುರು ಓಡಾಡೋರು." ಹಾಕುವುದು ಅಮ್ಮನ ಹಲ್ಲಿಗೆ, ಅಜ್ಜಿಯ ಹಲ್ಲಿಗೆ. ಹಾಕುವವರಲ್ಲಿ ಅಮ್ಮನೇ ಮೊದಲಿಗಳು. ನನ್ನ ಗೆಳತಿಯೊಬ್ಬಳು ಅತ್ತಿಗೆಯ ಮಗಳ ಮದುವೆಗೆ ಜರಿಸೀರೆ ಕೊಟ್ಟ ತಿಂಗಳಲ್ಲೇ ಕ್ಯಾಪಿಗೆ ದುಡ್ಡಿಲ್ಲವೆಂದು ದವಡೆ ಹಲ್ಲು ಕೀಳಿಸಿಕೊಂಡು ಬಂದಳು. ಸೀರೆ ಬೀರುವಿನಲ್ಲಿ ಮಡಿಕೆ ಹಾಕಿ ಕೂತಿದೆ, ಇವಳು ಚಪಾತಿಯನ್ನು ಹಾಲಿನಲ್ಲಿ ನೆನೆಸಿ ತಿನ್ನುತ್ತಾಳೆ.

ಆ ಲೆಕ್ಕವಾದರೂ ಸರಿಯೇ ಎಂದರೆ ಅದೂ ಇಲ್ಲ. ಕಿತ್ತ ಜಾಗಕ್ಕೆ ಹಲ್ಲು ಕಟ್ಟಿಸಲು ಹೋದರೆ ಅಕ್ಕಪಕ್ಕದ ಎರಡು ಒಳ್ಳೆಯ ಹಲ್ಲುಗಳನ್ನು ಸವೆಸಿ ಸೇತುವೆ ಕಟ್ಟಬೇಕು, ಇಲ್ಲವೇ ಮೂಳೆಗೆ ತಿರುಪು ಹಾಕಿ ಇಂಪ್ಲಾಂಟ್ ಕೂರಿಸಬೇಕು. ಎರಡೂ ಸಾಮಾನ್ಯವಾಗಿ ರೂಟ್ ಕೆನಾಲಿಗಿಂತ ಹೆಚ್ಚಿನ ಖರ್ಚು. ಕಟ್ಟಿಸದೆ ಬಿಟ್ಟರೆ ಏನಾಗುತ್ತದೆ ಎನ್ನುವುದಕ್ಕೆ ನನ್ನ ಎಡದವಡೆಯೇ ಸಾಕ್ಷಿ. ಇನ್ನು, ರೂಟ್ ಕೆನಾಲ್ ಮಾಡಿಸಿ ನೋವು ಹೋಯಿತಲ್ಲ ಎಂದು ಕ್ಯಾಪ್ ಹಾಕಿಸದೆ ಉಳಿಯುವವರು ಬಹಳ. ತಿರುಳಿನ ಗೂಡು ಕೊರೆದ ದವಡೆ ಹಲ್ಲಿನ ಗೋಡೆಗಳು ತೆಳುವಾಗಿರುತ್ತವೆ. ಹುರಿಗಡಲೆಯ ನಡುವೆ ಸಿಕ್ಕ ಒಂದು ಕಲ್ಲು ಸಾಕು, ಹಲ್ಲು ಬೇರಿನತನಕ ಸೀಳಲು. ಆಮೇಲೆ ಅದನ್ನು ಕೀಳದೆ ವಿಧಿಯಿಲ್ಲ. ಆದ್ದರಿಂದ ಮೊದಲ ದಿನವೇ "ಕ್ಯಾಪೂ ಸೇರಿ ಎಷ್ಟು?" ಎಂದು ಕೇಳಿ ಬರೆಸಿಕೊಳ್ಳಿ. ನಾಚಿಕೆ ಬೇಡ. ದರದ ಪಟ್ಟಿಯನ್ನು ರೋಗಿಗಳಿಗೆ ಕಾಣುವಂತೆ ಹಾಕಬೇಕೆಂದು ಖಾಸಗಿ ವೈದ್ಯಕೀಯ ಸಂಸ್ಥೆಗಳ ಬಗ್ಗೆ ನಮ್ಮ ರಾಜ್ಯದ್ದೇ 2007ರ ಕಾನೂನಿದೆ. ನಾನು ಹೋದ ಕ್ಲಿನಿಕ್ಕಿನ ಗೋಡೆಯ ಮೇಲೆ ಸೂರ್ಯಕಾಂತಿ ಹೂವಿನ ಪಟವಿತ್ತು, ದರದ ಪಟ್ಟಿ ಇರಲಿಲ್ಲ.

ದುಡ್ಡು ನಿಜಕ್ಕೂ ಇಲ್ಲದವರೂ ಇದ್ದೇವೆ. ಅವರಿಗೆ ನಮ್ಮ ಕಡೆ ಒಂದು ಅನುಕೂಲವಿದೆ. ಯಲಹಂಕದಿಂದ ವಿಮಾನ ನಿಲ್ದಾಣದ ರಸ್ತೆ ಹಿಡಿದರೆ ಹುಣಸಮಾರನಹಳ್ಳಿಯಲ್ಲಿ ಕೃಷ್ಣದೇವರಾಯ ದಂತ ಕಾಲೇಜಿದೆ. ಹೆಬ್ಬಾಳದ ಆಚೆ ಮತ್ತಿಕೆರೆಯ ಕಡೆ ರಾಮಯ್ಯ ದಂತ ಕಾಲೇಜು. ಪೇಟೆಯಲ್ಲಿ ವಿಕ್ಟೋರಿಯಾ ಆಸ್ಪತ್ರೆಯ ಬಳಿ ಸರ್ಕಾರಿ ದಂತ ಕಾಲೇಜಂತೂ 1958ರಿಂದ ಇದೆ. ಇಂಥ ಕಾಲೇಜುಗಳಲ್ಲಿ ವಿದ್ಯಾರ್ಥಿಗಳು ಮೇಷ್ಟ್ರುಗಳ ಕಣ್ಣೆದುರಿಗೆ ಕೆಲಸ ಮಾಡುತ್ತಾರೆ. ಖರ್ಚು ಹೊರಗಿನ ಕ್ಲಿನಿಕ್ಕುಗಳಿಗಿಂತ ಬಹಳ ಕಡಿಮೆ. ಆದರೆ ಸಮಯ ಹಿಡಿಯುತ್ತದೆ. ಬೆಳಗ್ಗೆ ಚೀಟಿ ಮಾಡಿಸಿ ಕೂತರೆ ಮಧ್ಯಾಹ್ನದ ಊಟ ಮನೆಯಲ್ಲಿ ಇಲ್ಲ ಅಂತ ಇಟ್ಟುಕೊಳ್ಳಿ. ನಮ್ಮಲ್ಲಿ ಬಹಳ ಜನಕ್ಕೆ ಅಡ್ಡಿಯಾಗುವುದು ದುಡ್ಡಿಗಿಂತ ಇದೇ. ಮೂರು ದಿನ ಅಡಿಗೆಮನೆ ಬಿಟ್ಟಿರುವುದು ಹೇಗೆ ಅಂತ. ಬಿಟ್ಟಿರಿ. ಅನ್ನ ಬೇಯಿಸುವ ಕುಕ್ಕರಿಗೆ ಗಂಡಸರ ಕೈ ತಾಗಿದರೂ ಅದು ಸೀಟಿ ಹೊಡೆಯುತ್ತದೆ, ನಾನು ನೋಡಿದ್ದೇನೆ.

ಇವೆಲ್ಲದರ ಜೊತೆಗೆ ಹೆದರಿಸುವ ಮಾತುಗಳು. ಮೇಲಿನ ಹಲ್ಲು ಮುಟ್ಟಿದರೆ ಕಣ್ಣು ಹೋಗುತ್ತದೆ ಎನ್ನುತ್ತಿದ್ದರು ನಮ್ಮತ್ತೆ. ಹೋಗುವುದಿಲ್ಲ; ಕಣ್ಣಿನ ದೃಷ್ಟಿಯ ನರವೇ ಬೇರೆ, ಹಲ್ಲಿನ ನರವೇ ಬೇರೆ. ಒಂದು ಬಸಿರಿಗೆ ಒಂದು ಹಲ್ಲು ಲೆಕ್ಕ, ಮಗು ತಾಯಿಯ ಹಲ್ಲಿನ ಸುಣ್ಣ ಎಳೆದುಕೊಳ್ಳುತ್ತದೆ ಎಂದೂ ಹೇಳುತ್ತಾರೆ. ಮಗು ಹಾಗೆ ಹಲ್ಲಿಗೆ ಕೈ ಹಾಕುವುದಿಲ್ಲ ಪಾಪ. ಬಸಿರಿನಲ್ಲಿ ಒಸಡು ಊದಿ ರಕ್ತ ಬರುವುದು, ವಾಂತಿಯ ಹುಳಿ ಹಲ್ಲಿಗೆ ತಾಗುವುದು, ಹೊತ್ತಲ್ಲದ ಹೊತ್ತಿನಲ್ಲಿ ಸಿಹಿ ತಿಂದು ಹಾಗೇ ಮಲಗುವುದು, ಹುಳುಕಿಗೆ ಕಾರಣ ಇವು. ಬಸುರಿಗೆ ಹಲ್ಲಿನ ಚಿಕಿತ್ಸೆ ಕೂಡದು ಎಂಬುದೂ ತಪ್ಪು. ನಡುವಿನ ಮೂರು ತಿಂಗಳು ಅದಕ್ಕೆ ಅನುಕೂಲದ ಕಾಲ. ಬಸಿರು ಎಂದು ಮೊದಲೇ ಹೇಳಬೇಕು, ಅಷ್ಟೆ. ಸಕ್ಕರೆ ಕಾಯಿಲೆಯನ್ನೂ ರಕ್ತ ತೆಳುವಾಗಿಸುವ ಮಾತ್ರೆಯನ್ನೂ ಹೇಳಬೇಕು. ನನ್ನ ವಯಸ್ಸಿನವರು ಇನ್ನೊಂದನ್ನು ಮರೆಯಬಾರದು: ಮೂಳೆ ಸವೆತಕ್ಕೆ ಕೊಡುವ ಕೆಲವು ಮಾತ್ರೆ, ಇಂಜೆಕ್ಷನ್ ತೆಗೆದುಕೊಳ್ಳುತ್ತಿರುವವರಲ್ಲಿ ಹಲ್ಲು ಕಿತ್ತ ಗಾಯ ಮಾಯದೆ ದವಡೆ ಮೂಳೆಗೇ ತೊಂದರೆಯಾಗುವ ಸಂಭವವಿದೆ. ಅಂಥವರಿಗೆ "ಈ ವಯಸ್ಸಿಗೆ ತೆಗೆದುಬಿಡಿ" ಎನ್ನುವುದು ತಲೆಕೆಳಗಾದ ಮಾತು. ಆ ವಯಸ್ಸಿಗೇ ಹಲ್ಲು ಉಳಿಸಿಕೊಳ್ಳುವುದು ಹೆಚ್ಚು ಮುಖ್ಯ.

ರೂಟ್ ಕೆನಾಲ್ ಮಾಡಿಸಿದ ಹಲ್ಲಿನಿಂದ ಮೈಗೆಲ್ಲ ರೋಗ ಹರಡುತ್ತದೆ, ಕ್ಯಾನ್ಸರ್ ಬರುತ್ತದೆ ಎಂದು ಈಗ ಮೊಬೈಲಿನಲ್ಲಿ ಓಡಾಡುತ್ತಿದೆಯಲ್ಲ, ಅದು ಹೊಸ ವಿದ್ಯೆಯೇನಲ್ಲ, ನೂರು ವರ್ಷ ಹಳಸಿದ್ದು. 1910ರಲ್ಲಿ ವಿಲಿಯಂ ಹಂಟರ್ ಎಂಬ ಲಂಡನ್ನಿನ ವೈದ್ಯ ಕೆನಡಾದ ಮಾಂಟ್ರಿಯಲ್ಲಿನಲ್ಲಿ ಒಂದು ಭಾಷಣ ಮಾಡಿ, ಹಲ್ಲಿನ ಕೀವೇ ಮೈಯ ನಾನಾ ಕಾಯಿಲೆಗಳ ಮೂಲ ಎಂದುಬಿಟ್ಟರು. ಆಮೇಲೆ ಎರಡು ಮೂರು ದಶಕ ಅಮೆರಿಕ, ಇಂಗ್ಲೆಂಡಿನಲ್ಲಿ ಮಂಡಿನೋವಿಗೂ ಹಲ್ಲು ಕಿತ್ತರು, ಹೊಟ್ಟೆನೋವಿಗೂ ಕಿತ್ತರು. ಹಲ್ಲು ಹೋಯಿತು, ಮಂಡಿನೋವು ಉಳಿಯಿತು. ಕೊನೆಗೆ ವೈದ್ಯಶಾಸ್ತ್ರವೇ ಆ ವಾದವನ್ನು ಕೈಬಿಟ್ಟಿತು. 2018ರಲ್ಲಿ ಅದೇ ಹಳಸನ್ನು ಬಿಸಿಮಾಡಿ ಒಂದು ಸಾಕ್ಷ್ಯಚಿತ್ರ ಬಂತು. ದಂತವೈದ್ಯರೆಲ್ಲ ತಕರಾರು ಎತ್ತಿದ ಮೇಲೆ ಮರುವರ್ಷ ನೆಟ್‌ಫ್ಲಿಕ್ಸ್‌ನವರು ಅದನ್ನು ತೆಗೆದುಹಾಕಿದರು. ಕೀವು ತುಂಬಿದ ಹಲ್ಲನ್ನು ಹಾಗೇ ಇಟ್ಟುಕೊಳ್ಳುವುದು ಅಪಾಯ ನಿಜ. ರೂಟ್ ಕೆನಾಲ್ ಮಾಡುವುದು ಆ ಕೀವನ್ನು ತೆಗೆಯಲಿಕ್ಕೇ ಅಲ್ಲವೇ?

ಹಲ್ಲು ಕೀಳುವ ಈ ಉತ್ಸಾಹ ಬ್ರಿಟನ್ನಿನ ಹೆಣ್ಣುಮಕ್ಕಳನ್ನು ಎಲ್ಲಿಗೆ ತಂದಿತ್ತು ಗೊತ್ತೆ? ಕಳೆದ ಶತಮಾನದ ಮೊದಲ ಭಾಗದಲ್ಲಿ ಅಲ್ಲಿ ಕೆಲವು ಕಡೆ ಮದುವೆಗೆ ಮುಂಚೆ ಹುಡುಗಿಯ ಹಲ್ಲನ್ನೆಲ್ಲ ಕೀಳಿಸಿ, ಕಟ್ಟಿದ ಹಲ್ಲು ಹಾಕಿಸಿ ಗಂಡನ ಮನೆಗೆ ಕಳಿಸುತ್ತಿದ್ದರು. ಮುಂದೆ ಅಳಿಯನಿಗೆ ಹಲ್ಲಿನ ಖರ್ಚು ಬೀಳದಿರಲಿ ಎಂದು! ಓದಿದಾಗ ನನಗೆ ಮೈ ಜುಮ್ಮೆಂದಿತು. ಆದರೆ "ಕ್ಯಾಪಿಗೆ ದುಡ್ಡು ಯಾಕೆ ದಂಡ, ತೆಗೆಸಿಬಿಡು" ಎನ್ನುವ ನಮ್ಮ ಮನೆಗಳ ಮಾತು ಅದರ ತಂಗಿಯೇ ತಾನೆ.

ನನ್ನ ಹಲ್ಲಿನ ಕಥೆ ಮುಗಿಸಿಬಿಡುತ್ತೇನೆ. ಒಂದು ದಂತ ಕಾಲೇಜಿಗೆ ಹೋದೆ. ರಾಯಚೂರು ಕಡೆಯ ಹುಡುಗಿ, ಈ ಕೆಲಸದಲ್ಲೇ ಎಂ.ಡಿ.ಎಸ್. ಓದುತ್ತಿರುವವಳು. "ಅಮ್ಮಾರ, ಇಲ್ಲಿ ನೋಡ್ರಿ" ಎಂದು ಎಕ್ಸ್-ರೇಯನ್ನು ಬೆಳಕಿಗೆ ಹಿಡಿದು ಬೇರಿನ ತುದಿಯ ಕಪ್ಪು ನೆರಳು ತೋರಿಸಿದಳು. ನಡುವೆ ಕೈ ಎತ್ತಿದರೆ ನಿಲ್ಲಿಸುತ್ತೇನೆ ಎಂದಳು. ಎತ್ತಿದಾಗ ನಿಲ್ಲಿಸಿಯೂ ನಿಲ್ಲಿಸಿದಳು. ಹಲ್ಲಿನ ಸುತ್ತ ತೆಳು ರಬ್ಬರಿನ ಹಾಳೆಯೊಂದನ್ನು ಬಿಗಿದಳು, ಛತ್ರಿ ಬಟ್ಟೆಯ ಹಾಗೆ. ಎಂಜಲು ಕಾಲುವೆಗೆ ಇಳಿಯಬಾರದು, ಅರವಾಗಲಿ ಔಷಧಿಯಾಗಲಿ ಗಂಟಲಿಗೆ ಜಾರಬಾರದು, ಅದಕ್ಕೆ. ಅಮೆರಿಕದಲ್ಲಿ 1864ರಲ್ಲೇ ಕಂಡುಹಿಡಿದದ್ದಂತೆ. ಈಗಲೂ ಅದನ್ನು ಹಾಕದೆ ರೂಟ್ ಕೆನಾಲ್ ಮಾಡುವವರಿದ್ದಾರೆ, ಕೇಳಿ ಹಾಕಿಸಿಕೊಳ್ಳಿ. ನೋವಾಯಿತೆ ಎಂದರೆ, ಇಂಜೆಕ್ಷನ್ ಚುಚ್ಚಿದ್ದು ನೋವಾಯಿತು. ಮಾಡಿದ ಎರಡು ದಿನ ಅಗಿದರೆ ಮಿಡಿಯುತ್ತಿತ್ತು. ಹೆಚ್ಚು ನೋವಾದದ್ದು ತೆರೆದ ಬಾಯಿ ಮುಚ್ಚಲಾಗದ ದವಡೆಯ ಕೀಲಿಗೆ. ಮೂರು ಸಲ ಹೋದೆ, ಆಮೇಲೆ ಕ್ಯಾಪಿಗೆ ಇನ್ನೆರಡು ಸಲ. ಈಗ ಬಲಗಡೆಯಿಂದ ಕೋಡುಬಳೆ ಮುರಿಯುತ್ತೇನೆ. ಎಕ್ಸ್-ರೇಗಳನ್ನು ಕೇಳಿ ತಂದು ಮನೆಪತ್ರದ ಜೊತೆ ಬೀರುವಿನಲ್ಲಿಟ್ಟಿದ್ದೇನೆ. ಮೊಮ್ಮಗಳಿಗೆ ಆರು ತುಂಬಿತು. ಅವಳ ದವಡೆಯ ತುದಿಯಲ್ಲಿ ಮೊಳೆತ ಹಲ್ಲನ್ನು ಹಾಲುಹಲ್ಲು, ಬಿದ್ದುಹೋಗುತ್ತೆ ಬಿಡಿ ಎಂದು ಸೊಸೆ ಅಂದುಕೊಂಡಿದ್ದಳು. ಅದು ಬೀಳುವ ಹಲ್ಲಲ್ಲ ಮಹರಾಯ್ತಿ, ಅದೇ ಜೀವನಪೂರ್ತಿ ಇರಬೇಕಾದ ಮೊದಲ ದೊಡ್ಡ ದವಡೆ ಹಲ್ಲು, ನನ್ನ ಎಡಗಡೆ ಹೋದದ್ದೂ ಅದೇ ಎಂದು ಕೂಗಾಡಿ ಅವಳನ್ನೂ ಕರೆದುಕೊಂಡು ಹೋಗಿ ತೋರಿಸಿಕೊಂಡು ಬಂದದ್ದಾಯಿತು.

ಮೊನ್ನೆ ಸಂಜೆ ಎದುರು ಮನೆಯಾಕೆ ಕೆನ್ನೆ ಹಿಡಿದುಕೊಂಡು ಬಂದಳು. ಎಂಟು ದಿನದಿಂದ ರಾತ್ರಿ ನಿದ್ದೆಯಿಲ್ಲ, ಮನೆಯವರು ಕೀಳಿಸಿಬಿಡು ಅಂತಾರೆ ಎಂದಳು. ಸೋಮವಾರ ಬೆಳಗ್ಗೆ ಒಂಬತ್ತರ ಹೊತ್ತಿಗೆ ಬಸ್ ಸ್ಟಾಪಿಗೆ ಬಾ, ಹುಣಸಮಾರನಹಳ್ಳಿಗೆ ಹೋಗೋಣ, ಎಲ್ಲ ಕೇಳಿಕೊಂಡೇ ಬಾಯಿ ತೆರೆಯುವಿಯಂತೆ ಎಂದೆ.

"ಅಲ್ರೀ ಟೀಚರ್, ಬಾಯಿ ತುಂಬ ಹತ್ತಿ ತುರುಕಿಬಿಟ್ರೆ ಹೇಗೆ ಕೇಳೋದು?"

"ತುರುಕೋಕೆ ಮುಂಚೆ ಕೇಳು" ಎಂದೆ.